ಹಿಡಿದ ಮೇಲೆ ಸಾಕುವವರು ಯಾರು

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಹಿಡೀರಿ’. ಪಶುವೈದ್ಯನಾಗಿ ಹಸುವಿನ ಕೆಚ್ಚಲು ಬಾವು ನೋಡಲು ಹೋದಾಗಲೂ ಅದೇ, ಅರಣ್ಯ ಇಲಾಖೆ ಕರೆದಾಗ ಅರಿವಳಿಕೆ ಬಂದೂಕು ಹೊತ್ತು ಹೋದಾಗಲೂ ಅದೇ. ಹುಲಿ ಹಿಡೀರಿ, ಚಿರತೆ ಹಿಡೀರಿ, ಆನೆ ಹಿಡೀರಿ. ಹಿಡಿಯುವ ಕೆಲಸ ಹೆಚ್ಚೆಂದರೆ ಕೆಲವು ವಾರಗಳದ್ದು. ಹಿಡಿದ ಹುಲಿಯನ್ನು ಸಾಕುವುದು 10–15 ವರ್ಷದ ಕೆಲಸ, ಆನೆಯಾದರೆ ಅರ್ಧ ಶತಮಾನದ್ದು. ಕಾಡುಪ್ರಾಣಿಯನ್ನು ಸೆರೆಯಲ್ಲಿಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಲೆಕ್ಕವನ್ನೇ ಮುಂದಿಡುತ್ತೇನೆ.

1. ಯಾವ ಹುಲಿ ಎಂದು ಗೊತ್ತಾಗುವವರೆಗೆ ಹಿಡಿಯಬಾರದು

2019ರಲ್ಲಿ ಚೌಡಹಳ್ಳಿ, ಹುಂಡೀಪುರದ ಸುತ್ತ ಇಬ್ಬರು ರೈತರು ಹುಲಿಗೆ ಬಲಿಯಾದರು. ಆ ಅಕ್ಟೋಬರ್‌ನಲ್ಲಿ ಸಾಕಾನೆಗಳನ್ನು ತಂದು ಕೂಂಬಿಂಗ್ ನಡೆಸಿ, ಅರಿವಳಿಕೆ ಮದ್ದು ಕೊಟ್ಟು ಹುಲಿಯನ್ನು ಹಿಡಿದು ಮೈಸೂರಿಗೆ ಸಾಗಿಸಲಾಯಿತು. ಅಂಥ ಹುಲಿಯನ್ನು ಹಿಡಿಯಬೇಕೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಿಡಿಯಲೇಬೇಕು. ಆದರೆ ಬಂಡೀಪುರದಂಥ ಕಾಡಿನ ಅಂಚಿನಲ್ಲಿ ಒಂದೇ ಹಳ್ಳದ ದಾರಿಯಲ್ಲಿ ಎರಡು ಮೂರು ಹುಲಿ ಓಡಾಡುತ್ತವೆ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿವೆ ಎಂದು ಅಂದಾಜಾಯಿತು. ಅವುಗಳಲ್ಲಿ ದೊಡ್ಡ ಪಾಲು ನಮ್ಮ ಈ ಕಾಡುಗಳದ್ದೇ. ಹೆಜ್ಜೆಗುರುತು ನೋಡಿ ‘ಇದೇ ಅದು’ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಪಟ್ಟೆ ನೋಡಬೇಕು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದುವುದಿಲ್ಲ, ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತೇವೆ. ದಾಳಿಯಾದ ಜಾಗದ ಚಿತ್ರವನ್ನೂ ಹಳೆಯ ಚಿತ್ರಗಳನ್ನೂ ತಾಳೆ ನೋಡುವವರೆಗೆ ಊರಿನ ಬೈಗುಳ ತಿನ್ನಬೇಕು. ತಾಳ್ಮೆಗೆಟ್ಟು ಬೇರೆ ಹುಲಿಯನ್ನು ಹಿಡಿದರೆ ನಿರಪರಾಧಿ ಪ್ರಾಣಿಗೆ ಜೀವಾವಧಿ ಸೆರೆ, ಕೊಂದ ಹುಲಿ ಮಾತ್ರ ಕಬ್ಬಿನ ಗದ್ದೆಯಲ್ಲೇ.

2. ಬೋನು ಹಲ್ಲನ್ನು ತೆಗೆಯುತ್ತದೆ

ಚಾಮರಾಜನಗರದ ಸುತ್ತ ಕೆಲಸ ನಿಂತ ಕರಿಕಲ್ಲು ಕ್ವಾರಿಗಳಿವೆ. ಬಂಡೆ ಸಂದು, ಲಂಟಾನ ಪೊದೆ, ಪಕ್ಕದಲ್ಲೇ ಊರಿನ ನಾಯಿಗಳು. ಚಿರತೆಗೆ ಇನ್ನೇನು ಬೇಕು. ಅಲ್ಲಿ ಇಟ್ಟ ಬೋನಿಗೆ ಚಿರತೆ ಬಿದ್ದ ಬೆಳಿಗ್ಗೆ ಊರೆಲ್ಲ ಮೊಬೈಲ್ ಹಿಡಿದು ಬೋನಿನ ಸುತ್ತ ನಿಲ್ಲುತ್ತದೆ. ಒಬ್ಬ ಕಡ್ಡಿಯಲ್ಲಿ ತಿವಿಯುತ್ತಾನೆ, ಇನ್ನೊಬ್ಬ ಶಿಳ್ಳೆ ಹಾಕುತ್ತಾನೆ. ಒಳಗಿನ ಪ್ರಾಣಿ ಕಬ್ಬಿಣದ ಸರಳನ್ನು ಕಚ್ಚುತ್ತದೆ, ಹಣೆ ಜಜ್ಜಿಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ. ಕೋರೆಹಲ್ಲು ಬುಡದವರೆಗೆ ಮುರಿದರೆ ಒಳಗಿನ ತಿರುಳಿಗೆ ಸೋಂಕಾಗಿ ಕೀವು ಕಟ್ಟುತ್ತದೆ. ಕೋರೆಹಲ್ಲಿಲ್ಲದ ಚಿರತೆ ಜಿಂಕೆಯ ಕುತ್ತಿಗೆ ಹಿಡಿಯಲಾರದು. ಕಾಡಿಗೆ ಬಿಟ್ಟರೆ ಅದಕ್ಕೆ ಉಳಿಯುವುದು ಕರು, ಕುರಿ, ನಾಯಿ. ಹಾಗಾಗಿ ಬಿಡುವಂತಿಲ್ಲ. ಬೆಳಗಿನ ಜಾವ ಆರೋಗ್ಯವಾಗಿ ಬೋನಿಗೆ ಬಿದ್ದ ಪ್ರಾಣಿ ಹತ್ತು ಗಂಟೆಯೊಳಗೆ ಆಜೀವ ಕೈದಿಯಾಗಿರುತ್ತದೆ, ಜನರ ಗದ್ದಲದಿಂದ.

ಇದನ್ನು ತಡೆಯಲು ದೊಡ್ಡ ವಿದ್ಯೆ ಬೇಡ. ಸರಳಿನ ಒಳಗಡೆ ಹಲ್ಲಿಗೆ ಸಿಗದ ಸಣ್ಣ ಕಣ್ಣಿನ ಜಾಲರಿ ಹಾಕಿಸಬೇಕು. ಬೋನು ಬಿದ್ದ ಸುದ್ದಿ ಬಂದ ಕೂಡಲೇ ಟಾರ್ಪಾಲು ಹೊದಿಸಬೇಕು. ಕತ್ತಲಾದರೆ ಪ್ರಾಣಿ ತಣ್ಣಗಾಗುತ್ತದೆ. ಜನರನ್ನು ದೂರ ನಿಲ್ಲಿಸಲು ಪೊಲೀಸರನ್ನು ಮೊದಲೇ ಕೇಳಿಕೊಂಡಿರಬೇಕು, ಬೋನು ಬಿದ್ದ ಮೇಲಲ್ಲ. ಅರಿವಳಿಕೆ ಕೊಟ್ಟರೆ ಕಣ್ಣಿಗೆ ಬಟ್ಟೆ, ಮೈಗೆ ನೀರು, ಕೈಯಲ್ಲಿ ಥರ್ಮಾಮೀಟರು. ನಮ್ಮ ಏಪ್ರಿಲ್ ಬಿಸಿಲಲ್ಲಿ ಮದ್ದಿಗಿಂತ ಮೈಕಾವು ಬೇಗ ಕೊಲ್ಲುತ್ತದೆ.

3. ದೂರದ ಕಾಡಿಗೆ ಬಿಟ್ಟು ಬರುವುದು ಪರಿಹಾರವಲ್ಲ

ಮಹಾರಾಷ್ಟ್ರದ ಜುನ್ನರ್‌ನಲ್ಲಿ 2000ದ ಆಸುಪಾಸಿನಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತೆಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಅವರ ಅಧ್ಯಯನ ತೋರಿಸಿತು. ಬಿಟ್ಟ ಚಿರತೆ ತನ್ನ ಜಾಗ ಹುಡುಕಿಕೊಂಡು ಊರೂರು ದಾಟುತ್ತದೆ. ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ.

4. ಮರಿ ಕಂಡರೆ ಎತ್ತಬೇಡಿ

ಕಬ್ಬು ಕಟಾವಿನ ಕಾಲದಲ್ಲಿ ಚಿರತೆ ಮರಿ ಸಿಗುವುದು ಈಗ ಹೊಸತಲ್ಲ. ತಾಯಿ ಅಲ್ಲೇ ಎಲ್ಲೋ ಇರುತ್ತದೆ, ಕತ್ತಲಾದ ಮೇಲೆ ಬಂದು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಮರಿ ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿಟ್ಟು, ಕ್ಯಾಮೆರಾ ಕಟ್ಟಿ, ಎಲ್ಲರೂ ಅಲ್ಲಿಂದ ಹೊರಟರೆ ಸಾಕು. ಮೊದಲ ರಾತ್ರಿ ತಾಯಿ ಬರದಿದ್ದರೆ ಎರಡನೆಯ ರಾತ್ರಿಯೂ ಇಡಬೇಕು. ಮನೆಗೆ ತಂದು ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತದೆ. ಬದುಕಿ ಉಳಿದರೆ ಆ ಮರಿಗೆ ಪಂಜರವೇ ಗತಿ. ಜಿಂಕೆ ಮರಿಯದ್ದೂ ಇದೇ ಕತೆ. ತಾಯಿ ಅದನ್ನು ಹುಲ್ಲಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ, ದಾರಿಹೋಕರು ತಬ್ಬಲಿ ಎಂದುಕೊಂಡು ಎತ್ತಿಕೊಳ್ಳುತ್ತಾರೆ. ಪ್ರೀತಿಯಿಂದ ಸಾಕಿದ ಗಂಡು ಜಿಂಕೆ ಕೊಂಬು ಬಲಿತು ಬೆದೆಗೆ ಬಂದಾಗ ಸಾಕಿದವರನ್ನೇ ಹಾಯುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಾಕುವುದೇ ಅಪರಾಧ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಮರಿ ಇದ್ದಲ್ಲೇ ಇರಲಿ.

5. ಆನೆಯ ವಿಷಯದಲ್ಲಿ ನಾವು ಹಳೆಯ ಸಾಲಗಾರರು

1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸಂಸ್ಥಾನಕ್ಕಾಗಿ ಆನೆಹಿಂಡನ್ನು ಖೆಡ್ಡಾಕ್ಕೆ, ಅಂದರೆ ಹಿಂಡು ಹಿಡಿಯುವ ಬೇಲಿಯೊಡ್ಡಿಗೆ, ನೂಕಿದ್ದು ಇದೇ ಚಾಮರಾಜನಗರ ಸೀಮೆಯಲ್ಲಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಾಕನಕೋಟೆಯಲ್ಲಿ. ನಡುವಿನ ಸುಮಾರು ನೂರು ವರ್ಷದಲ್ಲಿ ಹಿಂಡು ಹಿಂಡಾಗಿ ಹಿಡಿದು, ಹಗ್ಗ, ಹಸಿವು, ಅಂಕುಶದಿಂದ ಪಳಗಿಸಿ ಮರ ಎಳೆಸಿದೆವು, ಮಾರಿದೆವು.

ಈಗ ಬಂಡೀಪುರದ ರಾಂಪುರ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಶಿಬಿರಗಳಲ್ಲಿರುವ ಆನೆಗಳನ್ನು ನೋಡಿದಾಗ ನನಗೆ ಎರಡು ಬಗೆಯ ಭಾವ ಬರುತ್ತದೆ. ಸೆರೆಗಳಲ್ಲೆಲ್ಲ ಇದು ತಕ್ಕಮಟ್ಟಿಗೆ ಮರ್ಯಾದೆಯ ಸೆರೆ. ರಾಗಿಮುದ್ದೆ, ಹುರುಳಿ, ಬೆಲ್ಲ ತಿನ್ನಿಸಿ ಕಾಲಿಗೆ ಉದ್ದ ಸರಪಳಿ ಬಿಟ್ಟು ಕಾಡಿಗೆ ಕಳಿಸುತ್ತಾರೆ. ರಾತ್ರಿಯೆಲ್ಲ ಬಿದಿರು, ಮರದ ತೊಗಟೆ ಮೇಯುತ್ತವೆ, ಹೆಣ್ಣಾನೆಗಳು ಕಾಡಿನ ಸಲಗದ ಜೊತೆ ಸೇರಿ ಮರಿ ಹಾಕಿದ್ದೂ ಇದೆ. ಬೆಳಿಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ಈ ಜೇನುಕುರುಬ, ಸೋಲಿಗ ಕುಟುಂಬಗಳಿಗೆ ಆನೆಯ ಬಗ್ಗೆ ಗೊತ್ತಿರುವಷ್ಟು ನಮ್ಮ ಯಾವ ಕಾಲೇಜೂ ಕಲಿಸುವುದಿಲ್ಲ. ಕಾಂಕ್ರೀಟು ನೆಲದ ಮೇಲೆ ದಿನವಿಡೀ ನಿಂತು ಪಾದ ಕೊಳೆಯುವ ಒಂಟಿ ಆನೆಯ ಬದುಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆನೆಯನ್ನು ಸೆರೆಯಲ್ಲಿ ಇಡಲೇಬೇಕಾದರೆ ಹೀಗೆ ಇಡಬೇಕು: ಕಾಡಿನೊಳಗೆ, ಗುಂಪಿನಲ್ಲಿ, ಒಬ್ಬನೇ ಮಾವುತನ ಕೈಯಲ್ಲಿ.

ಇನ್ನೊಂದು ಭಾವ ನೋವಿನದು. ಕಾಡಾನೆ ಹಿಡಿಯಲು ಸೆರೆಯ ಆನೆಯನ್ನೇ ಮುಂದೆ ನಿಲ್ಲಿಸುತ್ತೇವೆ. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ಸೀಮೆಯ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತ. ಅವನಿಗೆ 60 ದಾಟಿತ್ತು. ಆ ವಯಸ್ಸಿನ ಆನೆಯನ್ನು ಅಂಬಾರಿಗಾಗಲಿ ಕಾರ್ಯಾಚರಣೆಗಾಗಲಿ ಕರೆದೊಯ್ಯಬಾರದು ಎಂಬುದು ನನ್ನ ಖಚಿತ ನಿಲುವು. ಜೀವಮಾನವೆಲ್ಲ ದುಡಿದ ಪ್ರಾಣಿಗೆ ಕೊನೆಯ ವರ್ಷಗಳನ್ನಾದರೂ ಮೇಯಲು ಬಿಡಬೇಕು.

6. ಹಸು ಕಳೆದುಕೊಂಡವರ ಮಾತು ಮೊದಲು ಕೇಳಬೇಕು

“ಹಸ ತಿಂದೋದ್ರೆ ನಿಮ್ ಹುಲಿ ತಪ್ಪಿಲ್ಲ, ಕಾಡ್ಗೆ ದನ ಬುಟ್ರೆ ನಮ್ ತಪ್ಪು. ಇದ್ಯಾವ ನ್ಯಾಯ ಬುದ್ದಿ?” ಎಂದು ಹಿರಿಯರೊಬ್ಬರು ಕೇಳಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದಕ್ಕೂ ಮೊದಲು, ಜೂನ್‌ನಲ್ಲಿ, ಮಲೆಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದಲ್ಲಿ ಇದಾಯಿತು. ಸಿಬ್ಬಂದಿಯನ್ನು ಬೋನಿಗೆ ನೂಕಿದ್ದನ್ನೂ ವಿಷ ಇಟ್ಟದ್ದನ್ನೂ ನಾನು ಒಪ್ಪಲಾರೆ. ಆದರೆ ಸತ್ತ ಹಸುವಿನ ಪಂಚನಾಮೆಗೆ ಅದೇ ದಿನ ವೈದ್ಯರು ಹೋಗಿ, ಪರಿಹಾರದ ಹಣ ಬೇಗ ಕೈಸೇರಿದ ಊರುಗಳಲ್ಲಿ ‘ಹಿಡೀರಿ’ ಎಂಬ ಕೂಗಿನ ಕಾವು ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಪರಿಹಾರ ತಡವಾದಷ್ಟೂ ಬೋನುಗಳು ಹೆಚ್ಚುತ್ತವೆ.

7. ಹಿಡಿದ ಹುಲಿಯನ್ನು ಪ್ರದರ್ಶನಕ್ಕೆ ಇಡಬಾರದು

ಮೈಸೂರು ಮೃಗಾಲಯ 1892ರದ್ದು. ಅಲ್ಲಿ ಹುಟ್ಟಿ ಬೆಳೆದ ಹುಲಿಗೆ ಜನರ ಗದ್ದಲ ಅಭ್ಯಾಸ. ಬಂಡೀಪುರದ ಕಾಡಲ್ಲಿ ಬೆಳೆದ ಹುಲಿಗೆ ಆ ಗದ್ದಲ ದಿನವೂ ಹೊಸ ಭಯ. ಅದು ಬೇಲಿಯುದ್ದಕ್ಕೂ ಒಂದೇ ಗೆರೆಯಲ್ಲಿ ತಿರುಗತೊಡಗುತ್ತದೆ, ಗೆರೆ ಬಿದ್ದ ಕಡೆ ಹುಲ್ಲು ಹುಟ್ಟುವುದಿಲ್ಲ. ಅದಕ್ಕಾಗಿಯೇ ಮೈಸೂರಿನ ಹೊರಗೆ ಕೂರ್ಗಳ್ಳಿಯಲ್ಲಿ ಸಂದರ್ಶಕರಿಗೆ ಪ್ರವೇಶವಿಲ್ಲದ ಪುನರ್ವಸತಿ ಕೇಂದ್ರವಿದೆ. ಅಂಥ ಜಾಗಗಳು ಬೇಕು, ಅಲ್ಲಿ ಮರ, ನೀರು, ಅಡಗಲು ಪೊದೆ ಬೇಕು. ಹುಲಿ ಅಲ್ಲಿ ಯಾರಿಗೂ ಕಾಣಿಸದಿದ್ದರೆ ಕೇಂದ್ರ ಸರಿಯಾಗಿ ನಡೆಯುತ್ತಿದೆ ಎಂದರ್ಥ.

8. ಹಿಡಿಯುವ ಆದೇಶದಲ್ಲೇ ಇಡುವ ಜಾಗವನ್ನೂ ಬರೆಯಬೇಕು

ಹುಲಿಯನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಹೇಳುವುದು ಅದನ್ನೇ. ಆ ಹಾಳೆಯಲ್ಲಿ ಇನ್ನೂ ಮೂರು ಸಾಲು ಇರಲಿ ಎಂದು ನಾನು ಕೇಳುತ್ತಾ ಬಂದಿದ್ದೇನೆ. ಪಟ್ಟೆ ತಾಳೆಯಾಗಿದೆಯೇ. ಹಿಡಿದ ಪ್ರಾಣಿಯನ್ನು ಯಾವ ಕೇಂದ್ರದ ಯಾವ ಆವರಣಕ್ಕೆ ಒಯ್ಯುತ್ತೀರಿ, ಅಲ್ಲಿ ಇವತ್ತು ಜಾಗ ಖಾಲಿ ಇದೆಯೇ. ಅದು ಸಾಯುವವರೆಗಿನ ಮಾಂಸ, ಔಷಧಿ, ಕಾವಲುಗಾರನ ಸಂಬಳದ ಖರ್ಚು ಯಾವ ಬಾಬ್ತಿನಿಂದ. ಮನುಷ್ಯರನ್ನು ಕೊಂದ ಹುಲಿಯಾದರೆ ಮೂರಕ್ಕೂ ಉತ್ತರ ಹುಡುಕಿಯೇ ತೀರಬೇಕು. ಕರು ತಿಂದ ಚಿರತೆಯಾದರೆ, ಆ ಖರ್ಚಿನ ಒಂದು ಪಾಲಿನಲ್ಲಿ ಊರಿನ ಎಲ್ಲ ಕೊಟ್ಟಿಗೆಗಳಿಗೂ ಗಟ್ಟಿ ಬಾಗಿಲು, ಜಾಲರಿ ಹಾಕಿಸಬಹುದು.