ನಿರಾಶ್ರಿತ ಎಂಬ ಹೆಸರು ಎಂದಿನವರೆಗೆ?



‘ನಿರಾಶ್ರಿತ’ ಎಂಬ ಪದವನ್ನು ಬಿಡಿಸಿದರೆ ಆಶ್ರಯವಿಲ್ಲದವನು ಎಂದರ್ಥ. ಆದರೆ ಆಶ್ರಯ ಸಿಕ್ಕಿ, ಮನೆ ಕಟ್ಟಿ, ಮೊಮ್ಮಕ್ಕಳನ್ನು ಕಂಡವರನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ಮುಂಡಗೋಡದ ಟಿಬೆಟನ್ ಹಳ್ಳಿಗಳಿಗೆ ಇಂದಿಗೂ ‘ಕ್ಯಾಂಪ್’ ಎಂಬುದೇ ರೂಢಿಯ ಹೆಸರು. ಕ್ಯಾಂಪ್ ಎಂದರೆ ನಾಲ್ಕು ದಿನ ಇದ್ದು ಎದ್ದು ಹೋಗುವ ಜಾಗ. ಅವರು ಬಂದು ಸುಮಾರು 60 ವರ್ಷಗಳಾದವು. ಹಾಗಾದರೆ ಆಶ್ರಯ ಕೊಡುವ ಕೆಲಸ ಮುಗಿಯುವುದು ಯಾವಾಗ? ಇದೇ ಇಂದಿನ ಪಾಠದ ಪ್ರಶ್ನೆ.

ಯಾರು ನಿರಾಶ್ರಿತರು?

ಕೆಲಸ ಹುಡುಕಿಕೊಂಡು ಗೋವೆಗೋ ಗಲ್ಫಿಗೋ ಹೋದವನು ವಲಸಿಗ. ಅವನು ಬೇಕೆಂದಾಗ ಮನೆಗೆ ಮರಳಬಲ್ಲ. ಸೂಪಾ ಅಣೆಕಟ್ಟಿನಿಂದಾಗಿ ಊರು ಬಿಟ್ಟು ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದವರು ಸಂತ್ರಸ್ತರು. ಅವರು ನೆಲ ಕಳೆದುಕೊಂಡರು, ದೇಶವನ್ನಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣ ಹಿಂಸೆಗೆ ಹೆದರಿ ಗಡಿ ದಾಟಿದವನು, ಮರಳಿದರೆ ಅಪಾಯ ಉಳ್ಳವನು ನಿರಾಶ್ರಿತ. 1951ರ ಅಂತರರಾಷ್ಟ್ರೀಯ ಒಪ್ಪಂದ ಹೇಳುವುದು ಇದನ್ನೇ.

ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೂ ಸಂವಿಧಾನದ 21ನೆಯ ವಿಧಿ ಕೊಡುವ ಜೀವರಕ್ಷಣೆ ಕೇವಲ ಪ್ರಜೆಗಲ್ಲ, ಪ್ರತಿಯೊಬ್ಬ ವ್ಯಕ್ತಿಗೆ. ಅರುಣಾಚಲ ಪ್ರದೇಶದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ಎತ್ತಿಹಿಡಿಯಿತು.

ಮುಂಡಗೋಡದ ಪಾಠ

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಪ್ರಧಾನಿ ನೆಹರೂ ರಾಜ್ಯಗಳಿಂದ ಭೂಮಿ ಕೇಳಿದಾಗ ಮೈಸೂರು ಸರ್ಕಾರ ಮುಂದೆ ಬಂದಿತು. ಮೊದಲು ಬೈಲಕುಪ್ಪೆ, ನಂತರ 1966ರಲ್ಲಿ ಮುಂಡಗೋಡ. ಇಲ್ಲಿ ಸುಮಾರು 4,000 ಎಕರೆ ಕಾಡುನೆಲ ಸಿಕ್ಕಿತು. ಚಳಿಯ ನಾಡಿನವರು ಬಿಸಿಲು ಮಳೆಗೆ ಒಗ್ಗಿಕೊಂಡು, ಕಾಡು ಕಡಿದು, ಗೋವಿನಜೋಳ ಭತ್ತ ಬೆಳೆಯಲು ಕಲಿತರು. ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಹಳೆಯ ಮಠಗಳು ಇಲ್ಲಿ ಮತ್ತೆ ಎದ್ದು ನಿಂತವು.

ಇದು ಆಶ್ರಯದ ಮೊದಲ ಭಾಗ. ಎರಡನೆಯ ಭಾಗ ಕಾಗದದ್ದು. ಟಿಬೆಟನ್ನರ ಕೈಯಲ್ಲಿರುವುದು ನೋಂದಣಿ ಪತ್ರ. ಜನ ಅದನ್ನು ‘ಆರ್.ಸಿ.’ ಎನ್ನುತ್ತಾರೆ. ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಉಳುವ ಭೂಮಿ ಅವರ ಸ್ವಂತದ್ದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪ್ರಜೆಗಳೆಂದು ಕಾನೂನಿದ್ದರೂ, ಟಿಬೆಟನ್ನರಿಗೂ ಅದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ ಹೇಳಿದ್ದು 2010ರಲ್ಲಿ, ಕರ್ನಾಟಕ ಹೈಕೋರ್ಟ್ ಹೇಳಿದ್ದು 2013ರಲ್ಲಿ. ನಂತರ ಹುಟ್ಟಿದವರಿಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ಪ್ರಜೆಯಾದರೆ ತಾಯ್ನಾಡಿನ ಹಕ್ಕು ಬಿಟ್ಟಂತಾಗುವುದೇನೋ ಎಂಬ ಅಳುಕೂ ಕೆಲವರಲ್ಲಿದೆ.

ದಯೆಯೊಂದೇ ಸಾಕೇ?

ಬಾಲಯೇಸುವನ್ನು ಎತ್ತಿಕೊಂಡು ಸಂತ ಜೋಸೆಫರೂ ಮಾತೆ ಮರಿಯಳೂ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದರು. ಹೆರೋದನು ಸತ್ತ ಮೇಲೆ ಮರಳಿದರು. ಆದರೆ ಮರಳುವ ಭಾಗ್ಯ ಎಲ್ಲರಿಗೂ ಇಲ್ಲ. ಮರಳಲಾರದವರಿಗೆ ಒಂದು ಹೊತ್ತಿನ ಊಟ, ಒಂದು ರಾತ್ರಿಯ ಚಾವಡಿ ಸಾಲದು. ದಯೆ ಬಾಗಿಲು ತೆರೆಯುತ್ತದೆ. ಒಳಗೆ ಕುಳಿತುಕೊಳ್ಳಲು ಜಾಗ ಕೊಡುವುದು ನ್ಯಾಯ. ದಯೆಯನ್ನು ಕೊಟ್ಟವನು ಹಿಂದಕ್ಕೆ ಪಡೆಯಬಹುದು, ನ್ಯಾಯವನ್ನು ಹಾಗೆ ಪಡೆಯಲಾಗದು. ಆದ್ದರಿಂದಲೇ ಪೋಪ್ ಫ್ರಾನ್ಸಿಸ್‌ರವರು 2018ರ ವಲಸಿಗರ ದಿನದ ಸಂದೇಶದಲ್ಲಿ ನಾಲ್ಕು ಕೆಲಸಗಳನ್ನು ಹೇಳಿದರು: ಬರಮಾಡಿಕೊಳ್ಳುವುದು, ಕಾಪಾಡುವುದು, ಬೆಳೆಸುವುದು, ಒಂದಾಗಿಸಿಕೊಳ್ಳುವುದು. ಮುಂಡಗೋಡದಲ್ಲಿ ಮೊದಲ ಮೂರು ಬಹುಮಟ್ಟಿಗೆ ನಡೆದಿವೆ. ನಾಲ್ಕನೆಯದು ಇನ್ನೂ ಬಾಕಿ.

ಇಲ್ಲಿ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ‘ಹೊರಗಿನವರಿಗೆ ಎಕರೆಗಟ್ಟಲೆ, ನಮಗೇನು?’ ಎಂದು ಭೂಮಿಯಿಲ್ಲದ ಕೂಲಿಕಾರ ಕೇಳಿದರೆ ಅದು ಅಸೂಯೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು. ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿಗಳನ್ನು ನೆನೆಯಿರಿ. ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರು. ಅವರಿಗೆ ಆಶ್ರಯ ಕೊಟ್ಟದ್ದು ಸರ್ಕಾರವಲ್ಲ, ಕಾಡು. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆದರೆ ಒಬ್ಬ ಬಡವನಿಗೆ ಕೊಡದ ನ್ಯಾಯಕ್ಕೆ ಇನ್ನೊಬ್ಬ ಬಡವನನ್ನು ಹೊಣೆ ಮಾಡುವುದು ಸರಿಯಲ್ಲ. ಇಬ್ಬರ ಅರ್ಜಿಯೂ ಒಂದೇ ಬಾಗಿಲಿಗೆ ಹೋಗಬೇಕು.

ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರೆಂಬುದನ್ನು ಮರೆಯಬೇಡಿ ಎಂದು ದೇವರು ಇಸ್ರಯೇಲರಿಗೆ ನೆನಪಿಸಿದರು. ಕ್ಯಾಂಪಿನ ಹುಡುಗ ನಮ್ಮ ಪಕ್ಕದ ಊರಿನ ಹುಡುಗ ಎನಿಸಿದ ದಿನ, ನಮ್ಮ ಪಾಲಿನ ಆಶ್ರಯದ ಕೆಲಸ ಮುಗಿಯುತ್ತದೆ.

ಮನೆಯಲ್ಲಿ ಚಿಂತನೆಗೆ

1. ನಮ್ಮ ಹಿರಿಯರು ಈ ಊರಿಗೆ ಎಲ್ಲಿಂದ, ಏಕೆ ಬಂದರು? ಅವರನ್ನು ಮೊದಲು ಕರೆದು ಕೂರಿಸಿದವರು ಯಾರು?
2. ಬೇರೆ ಭಾಷೆ, ಬೇರೆ ಧರ್ಮದ ನೆರೆಯವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ಮಕ್ಕಳಿಗೆ ಗೊತ್ತು?
3. ಕಚೇರಿಯ ಕಾಗದಪತ್ರದಲ್ಲಿ ಕಷ್ಟಪಡುವ ಒಬ್ಬರಿಗೆ ಈ ವಾರ ನಾವು ಜೊತೆಯಾಗಿ ಹೋಗಬಹುದೇ?