ಮಾಯಾಯುದ್ಧದ ತಕ್ಕಡಿ

ಅಂತರಜಾಲದ ಮೂಲಕ ಅನೇಕರು ಕೂಡಿ ಆಡುವ ಪಾತ್ರಧಾರಣೆಯ ಆಟಗಳಲ್ಲಿ ಆಟಗಾರನು ಶತ್ರುಗಳನ್ನು ಗೆದ್ದು, ಅನುಭವವನ್ನು ಗಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾನೆ. ಅವನ ಬಲ ಬೆಳೆದಂತೆಲ್ಲ ಎದುರಾಗುವ ಶತ್ರುವಿನ ಬಲವೂ ಬೆಳೆಯುತ್ತದೆ. ಆಟವನ್ನು ನಿರ್ಮಿಸಿದವರು ಆಗಾಗ ಅದರ ಅಂಕಿಗಳನ್ನು ತಿದ್ದಿ, ಸಮತೋಲವನ್ನು ಸರಿಪಡಿಸಿದೆವೆಂದು ಪ್ರಕಟಿಸುವುದುಂಟು. ಈ ಸಮತೋಲವೆಂದರೇನು? ತಕ್ಕಡಿಯ ತಟ್ಟೆಗಳಲ್ಲಿ ಏನನ್ನಿಟ್ಟು ತೂಗಬೇಕು? ಹೈಸ್ಕೂಲಿನಲ್ಲಿ ಕಲಿಯುವ ಗಣಿತವೇ ಇದಕ್ಕೆ ಉತ್ತರ ಹೇಳಬಲ್ಲದು.

ಅಮೆರಿಕದ ಕಿಂಗ್ಸ್‌ಐಲ್ ಸಂಸ್ಥೆಯು 2008ರಲ್ಲಿ ಹೊರತಂದ ‘ವಿಝಾರ್ಡ್101’ ಎಂಬ ಆಟವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇಲ್ಲಿ ಆಟಗಾರರು ಮಂತ್ರವಿದ್ಯೆಯ ವಿದ್ಯಾರ್ಥಿಗಳು, ಯುದ್ಧವೆಂದರೆ ಎಲೆಯಾಟ. ತನ್ನ ಕಟ್ಟಿನಲ್ಲಿ ಯಾವ ಯಾವ ಮಂತ್ರದ ಎಲೆಗಳಿರಬೇಕೆಂಬುದನ್ನು ಆಟಗಾರನೇ ಮೊದಲು ಆರಿಸಿಡುತ್ತಾನೆ. ಯುದ್ಧ ಮೊದಲಾದಾಗ ಅವುಗಳಲ್ಲಿ ಏಳು ಎಲೆಗಳು ಅವನ ಕೈಗೆ ಬರುತ್ತವೆ. ಸರದಿಗೊಂದು ಮಂತ್ರದಂತೆ ಆಟ ಸಾಗುತ್ತದೆ. ಬೆಂಕಿ, ಹಿಮ, ಬಿರುಗಾಳಿ, ಜೀವ ಮೊದಲಾಗಿ ವಿದ್ಯೆಯ ಶಾಖೆಗಳು ಏಳು. ಬಿರುಗಾಳಿಯ ಹೊಡೆತ ಬಹು ಬಿರುಸು. ಆದರೆ ಅದರ ಸಾಮಾನ್ಯ ಮಂತ್ರಗಳು ಮೂಲತಃ ನೂರಕ್ಕೆ 70 ಸಲ ಮಾತ್ರ ಫಲಿಸುತ್ತವೆ. ಜೀವಶಾಖೆಯ ಮಂತ್ರಗಳಾದರೋ ನೂರಕ್ಕೆ 90 ಸಲ ಫಲಿಸುತ್ತವೆ.

ಲೆಕ್ಕದ ಸೌಕರ್ಯಕ್ಕಾಗಿ ಒಂದು ಮಂತ್ರದ ಹೊಡೆತ 900 ಅಂಶ, ಅದು ಫಲಿಸುವ ಸಂಭವ 0.7 ಎಂದು ಭಾವಿಸೋಣ. ಇನ್ನೊಂದರ ಹೊಡೆತ 700, ಸಂಭವ 0.9 ಆಗಿರಲಿ. ಗುಣಿಸಿ ನೋಡಿದರೆ ಎರಡರ ಸರಾಸರಿಯೂ 630. ಹಾಗಾದರೆ ಎರಡೂ ಸಮವಲ್ಲವೆ ಎಂದು ವಾಚಕರು ಕೇಳಬಹುದು. ಶತ್ರುವಿನ ಪ್ರಾಣಬಲ 700 ಇದ್ದಾಗ ಒಂದೇ ಸರದಿಯಲ್ಲಿ ಗೆಲ್ಲುವ ಸಂಭವ ಮೊದಲನೆಯ ಮಂತ್ರಕ್ಕೆ 0.7, ಎರಡನೆಯದಕ್ಕೆ 0.9. ಪ್ರಾಣಬಲ 900ಕ್ಕೆ ಏರಿದೊಡನೆ ಮೊದಲನೆಯದರ ಸಂಭವ 0.7 ಆಗಿಯೇ ಉಳಿಯುತ್ತದೆ, ಎರಡನೆಯದರದು ಸೊನ್ನೆಗಿಳಿಯುತ್ತದೆ! ಸರಾಸರಿ ಬದಲಾಗಲಿಲ್ಲ, ಬದಲಾದುದು ಎದುರಿನ ಶತ್ರು. ಆದುದರಿಂದ ಎಲೆಯ ಬೆಲೆಯನ್ನು ಎಲೆಯೊಂದನ್ನೇ ನೋಡಿ ಕಟ್ಟುವಂತಿಲ್ಲ. ಯುದ್ಧ ಎಷ್ಟು ಸರದಿ ನಡೆಯುವುದೆಂಬುದನ್ನೂ ಗಮನಿಸಬೇಕು.

ಈ ಸರದಿಗಳ ಸಂಖ್ಯೆಯನ್ನು ಆಟಗಾರನ ಏಳಿಗೆಯು ಹೇಗೆ ಬದಲಿಸುತ್ತದೆ? ಮೊದಲ ಮೆಟ್ಟಿಲಿನಲ್ಲಿ ಯುದ್ಧವು 5 ಸರದಿ ನಡೆಯುವುದೆನ್ನಿ. ಒಂದೊಂದು ಮೆಟ್ಟಿಲೇರಿದಾಗಲೂ ಆಟಗಾರನ ಹೊಡೆತ ನೂರಕ್ಕೆ 10ರಷ್ಟು, ಶತ್ರುವಿನ ಪ್ರಾಣಬಲ ನೂರಕ್ಕೆ 8ರಷ್ಟು ಹೆಚ್ಚಲಿ. ವ್ಯತ್ಯಾಸ ಅತ್ಯಲ್ಪವೆಂದೇ ತೋರುತ್ತದೆ. ಆದರೆ ಇದು ಚಕ್ರಬಡ್ಡಿಯ ಲೆಕ್ಕ. 1.08ನ್ನು 1.10ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 50 ಸಲ ಗುಣಿಸುತ್ತ ಹೋದರೆ ಸುಮಾರು 0.4 ಬರುತ್ತದೆ. ಅಂದರೆ ಐವತ್ತು ಮೆಟ್ಟಿಲೇರಿದ ಮೇಲೆ ಯುದ್ಧ ಎರಡೇ ಸರದಿಯಲ್ಲಿ ಮುಗಿಯುತ್ತದೆ.

ಎಲೆಗಳ ಕಟ್ಟಿನ ಮೇಲೆ ಇದರ ಪರಿಣಾಮವನ್ನು ನೋಡೋಣ. 14 ಎಲೆಗಳ ಕಟ್ಟಿನಲ್ಲಿ ನಮಗೆ ಬೇಕಾದ ಮಂತ್ರದ ಎಲೆಗಳು 3 ಇವೆ. ಕೈಗೆ ಬಂದ ಏಳರಲ್ಲಿ ಅವುಗಳಲ್ಲೊಂದೂ ಇಲ್ಲವೆಂದರೆ ಮೂರೂ ಉಳಿದ ಏಳರಲ್ಲೇ ಇರಬೇಕು. ಇದರ ಸಂಭವ 7/14 × 6/13 × 5/12, ಸುಮಾರು 0.10. ಆದುದರಿಂದ ಒಂದಾದರೂ ಬರುವ ಸಂಭವ ಸುಮಾರು 0.90. ಕಟ್ಟಿನಲ್ಲಿ 42 ಎಲೆಗಳಿದ್ದರೆ ಬಾರದಿರುವ ಸಂಭವ 35/42 × 34/41 × 33/40, ಅಂದರೆ 0.57, ಬರುವ ಸಂಭವ 0.43 ಮಾತ್ರ. ಎರಡು ಸರದಿಯ ಯುದ್ಧದಲ್ಲಿ ಸಣ್ಣ ಕಟ್ಟನ್ನಿಟ್ಟವನೇ ಜಾಣ. ರಕ್ಷಣೆಯ ಎಲೆ, ಗಾಯ ಮಾಯಿಸುವ ಎಲೆ ಇವೆಲ್ಲ ಅವನಿಗೆ ಹೊರೆ. ಯುದ್ಧ ನೀಳವಾದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ಈ ಆಟದಲ್ಲಿ ಒಂದು ಪಕ್ಷಕ್ಕೆ ನಾಲ್ವರವರೆಗೆ ಕೂಡಿ ಹೋರಾಡಬಹುದು. ಒಬ್ಬನೇ ಮೊದಲ ಸರದಿಯಲ್ಲಿ ಶತ್ರುಗಳನ್ನೆಲ್ಲ ಉರುಳಿಸಿಬಿಟ್ಟರೆ ಉಳಿದ ಮೂವರು ಜೊತೆಗಾರರಲ್ಲ, ಬರಿಯ ಪ್ರೇಕ್ಷಕರು.

ಇದಕ್ಕೆ ಪರಿಹಾರವೇನು? ಶತ್ರುಗಳೆಲ್ಲರ ಪ್ರಾಣಬಲವನ್ನು ಎರಡೂವರೆ ಪಟ್ಟು ಮಾಡಿದರಾಯಿತೆಂದು ಮೊದಲು ತೋಚುತ್ತದೆ. ಐವತ್ತು ಮೆಟ್ಟಿಲೇರಿದವನ ಯುದ್ಧ ಆಗ ಪುನಃ 5 ಸರದಿಗೆ ಬರುವುದು ನಿಜ. ಆದರೆ ನಿನ್ನೆ ತಾನೆ ಆಟಕ್ಕೆ ಸೇರಿದ ಬಾಲಕನ ಯುದ್ಧ 5ರಿಂದ ಹನ್ನೆರಡೂವರೆ ಸರದಿಗೆ ಏರುತ್ತದೆ! ಮೇಲಿನವನ ಅತಿಬಲಕ್ಕೆ ಕೆಳಗಿನವನು ದಂಡ ತೆತ್ತಂತಾಯಿತು. ದೋಷವಿದ್ದುದು ಆರಂಭದ ಅಂಕಿಯಲ್ಲಲ್ಲ, ಬೆಳವಣಿಗೆಯ ದರದಲ್ಲಿ. ತಿದ್ದಬೇಕಾದುದೂ ದರವನ್ನೇ; ಎರಡು ದರಗಳೂ ಸಮವಾದರೆ ಸರದಿಗಳ ಸಂಖ್ಯೆ ಎಲ್ಲ ಮೆಟ್ಟಿಲುಗಳಲ್ಲೂ ಸ್ಥಿರವಾಗಿರುತ್ತದೆ. ಹೀಗೆ ತಿದ್ದಿದಾಗ ತಿಂಗಳುಗಟ್ಟಲೆ ದುಡಿದು ಬಲ ಗಳಿಸಿದವನಿಗೆ ಅಸಮಾಧಾನವಾಗುವುದು ಸಹಜವೇ. ಆದರೆ ಅವನು ಬಹುಕಾಲದಿಂದ ಕೂಡಿಟ್ಟು ಮೂಲೆಗೆಸೆದಿದ್ದ ಎಲೆಗಳಿಗೆಲ್ಲ ಮತ್ತೆ ಬೆಲೆ ಬರುತ್ತದೆಂಬುದನ್ನೂ ಮರೆಯಬಾರದು.

ಸಂಭವದ ಲೆಕ್ಕವನ್ನು ನಂಬದವರು ಸ್ವತಃ ಪರೀಕ್ಷಿಸಿ ನೋಡಬಹುದು. ಇಸ್ಪೀಟಿನ ಕಟ್ಟಿನಿಂದ ಮೂರು ಎಕ್ಕಗಳೂ ಸೇರಿದಂತೆ 21 ಎಲೆಗಳನ್ನು ಆರಿಸಿ, ನಾಲ್ಕನೆಯ ಎಕ್ಕವನ್ನು ಹೊರಗಿಡಿ. ಆ 21 ಎಲೆಗಳನ್ನು ಚೆನ್ನಾಗಿ ಕಲೆಸಿ ಏಳನ್ನು ತೆಗೆಯಿರಿ. ಎಕ್ಕ ಬಂದಿತೇ ಇಲ್ಲವೇ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಎಲೆಗಳನ್ನು ಪ್ರತಿಸಲವೂ ಮರಳಿ ಸೇರಿಸಿ ಹೀಗೆ ನೂರು ಸಲ ಮಾಡಿದರೆ 73ರ ಆಸುಪಾಸಿನ ಸಂಖ್ಯೆ ದೊರೆಯಬೇಕು. ಆ 73 ಎಲ್ಲಿಂದ ಬಂದಿತೆಂಬುದನ್ನು ಮೇಲಿನ ರೀತಿಯಲ್ಲೇ ಗುಣಿಸಿ ಕಂಡುಕೊಳ್ಳುವುದು ವಾಚಕರ ಪಾಲಿನ ಕೆಲಸ.