ಪ್ಲಾಸ್ಟಿಕ್ ಕೊಳವೆಯೂ ಕುಡಿಯುವ ನೀರೂ

ಸೀಮೆಎಣ್ಣೆ ತುಂಬಿದ್ದ ಗಾಜಿನ ಸೀಸೆಯನ್ನು ಸಾಬೂನು ಹಾಕಿ ಎರಡು ಸಲ ತೊಳೆದರೆ ಅದರ ವಾಸನೆ ಹೋಗುತ್ತದೆ. ಅದೇ ಎಣ್ಣೆ ತುಂಬಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಹತ್ತು ಸಲ ತೊಳೆದು ಒಣಗಿಸಿ, ಮುಚ್ಚಳ ಹಾಕಿಟ್ಟು, ನಾಲ್ಕು ದಿನದ ಮೇಲೆ ತೆರೆದರೆ ವಾಸನೆ ಮತ್ತೆ ಮೂಗಿಗೆ ಬಡಿಯುತ್ತದೆ. ಮನೆವಾರ್ತೆ ಬಲ್ಲವರಿಗೆಲ್ಲ ತಿಳಿದಿರುವ ಈ ಸಣ್ಣ ಸಂಗತಿಯಲ್ಲಿಯೇ ನಾನು ಇಲ್ಲಿ ಹೇಳಹೊರಟಿರುವ ವಿಷಯದ ತಿರುಳೆಲ್ಲ ಅಡಗಿದೆ.

ಇದಕ್ಕೆ ಕಾರಣವೇನು? ಗಾಜು ಮತ್ತು ಲೋಹಗಳ ಒಳಕ್ಕೆ ಎಣ್ಣೆಯಂಥ ವಸ್ತು ಹೋಗಲಾರದು; ಅದು ಮೇಲ್ಮೈಗೆ ಮಾತ್ರ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ಕಾದರೋ ನೂಲಿನ ಉಂಡೆಯಂತೆ ಹೆಣೆದುಕೊಂಡ ಉದ್ದುದ್ದನೆಯ ಅಣುಗಳ ರಾಶಿ. ಅವುಗಳ ನಡುವಣ ಎಡೆಗಳಲ್ಲಿ ಪೆಟ್ರೋಲು, ಬೆಂಜೀನ್ ಮುಂತಾದವುಗಳ ಚಿಕ್ಕ ಅಣುಗಳು ನುಸುಳಿ, ಗೋಡೆಯೊಳಗೇ ಕರಗಿ ಸೇರಿಬಿಡುತ್ತವೆ. ಮುಂದೆ ಶುದ್ಧವಾದ ನೀರು ಬಂದಾಗ ಅವೇ ಅಣುಗಳು ಮೆಲ್ಲಮೆಲ್ಲನೆ ಹೊರಕ್ಕೆ ಬರುತ್ತವೆ. ಈ ಬಗೆಯ ವಿಸರಣದ ನಿಯಮವನ್ನು ಅಡಾಲ್ಫ್ ಫಿಕ್ ಎಂಬ ವಿಜ್ಞಾನಿ 1855ರಲ್ಲಿಯೇ ಹೇಳಿದ್ದಾನೆ. ಅದರಂತೆ ಗೋಡೆಯ ದಪ್ಪ ಎರಡರಷ್ಟಾದರೆ ಅದನ್ನು ದಾಟಲು ಬೇಕಾಗುವ ಕಾಲ ನಾಲ್ಕರಷ್ಟಾಗುತ್ತದೆ. ಎಲ್ಲ ಪ್ಲಾಸ್ಟಿಕ್ಕುಗಳ ಗುಣವೂ ಒಂದೇ ಅಲ್ಲ. ಪಾಲಿಥೀನ್ ಇಂಥ ವಸ್ತುಗಳನ್ನು ಬೇಗ ಹೀರುತ್ತದೆ, ಗಡುಸಾದ ಪಿ.ವಿ.ಸಿ. ಅದಕ್ಕಿಂತ ಹೆಚ್ಚು ತಡೆಯುತ್ತದೆ.

ಇದು ಕೇವಲ ಪುಸ್ತಕದ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2017ರ ಅಕ್ಟೋಬರಿನಲ್ಲಿ ಸಾಂಟಾ ರೋಸಾ ನಗರಕ್ಕೂ, 2018ರ ನವೆಂಬರಿನಲ್ಲಿ ಪ್ಯಾರಡೈಸ್ ಎಂಬ ಊರಿಗೂ ಕಾಳ್ಗಿಚ್ಚು ಹಬ್ಬಿತು. ಎರಡನೆಯದರಲ್ಲಿ 85 ಜನ ಮಡಿದರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಬೆಂಕಿ ಆರಿದ ಮೇಲೆ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಬೆಂಜೀನ್ ಕಂಡುಬಂತು. ಸುಟ್ಟ ಮನೆಗಳ ಕೊಳವೆಗಳಿಂದ ನೀರು ಸೋರಿ ಒತ್ತಡ ಕುಸಿದಾಗ ಹೊಗೆ ಒಳಕ್ಕೆ ಎಳೆಯಲ್ಪಟ್ಟಿತೆಂದೂ, ಕಾದು ಕರಗಿದ ಪ್ಲಾಸ್ಟಿಕ್ಕಿನಿಂದಲೇ ವಿಷ ಹುಟ್ಟಿತೆಂದೂ ತಜ್ಞರು ವಿವರಿಸುತ್ತಾರೆ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ಆ ದೇಶದ ಕಟ್ಟಳೆ. ಕ್ಯಾಲಿಫೋರ್ನಿಯದಲ್ಲಿ 1 ಮೈಕ್ರೋಗ್ರಾಂ ಮಾತ್ರ. ಆದರೆ ಪ್ಯಾರಡೈಸಿನಲ್ಲಿ ಅದು 2,000ವನ್ನು ದಾಟಿತ್ತು. ಸಾಂಟಾ ರೋಸಾದ ಒಂದು ಮಾದರಿಯಲ್ಲಿ 40,000ದವರೆಗೆ ಏರಿತ್ತು. ಬೆಂಜೀನ್ ರಕ್ತದ ಕ್ಯಾನ್ಸರನ್ನು ತರಬಲ್ಲ ವಸ್ತು. ಬೆಂಕಿಯಿಂದ ಮನೆ ಉಳಿಯಿತೆಂದು ಸಂತೋಷಪಟ್ಟವರೂ ನಲ್ಲಿಯ ನೀರನ್ನು ಮಕ್ಕಳಿಗೆ ಕೊಡಲು ಅಂಜುವಂತಾಯಿತು.

ಹಾಗಾದರೆ ಇಂಥ ಕೊಳವೆಯನ್ನು ಶುದ್ಧಮಾಡುವ ಬಗೆ ಹೇಗೆ?

ಮೊದಲನೆಯದಾಗಿ, ಆ ನೀರನ್ನು ಕುಡಿಯುವುದನ್ನೂ ಅಡಿಗೆಗೆ ಬಳಸುವುದನ್ನೂ ನಿಲ್ಲಿಸಬೇಕು. ಕುದಿಸಿದರೆ ಸರಿಹೋಗುವುದೆಂಬ ನಂಬಿಕೆ ಇಲ್ಲಿ ಅಪಾಯಕರ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಬೆಂಜೀನ್ ಆವಿಯಾಗಿ ಅಡಿಗೆಮನೆಯ ಗಾಳಿಗೆ ಸೇರಿ ನಮ್ಮ ಉಸಿರಿಗೇ ಬರುತ್ತದೆ. ಇದೇ ಕಾರಣದಿಂದ ಬಿಸಿನೀರಿನ ಸ್ನಾನವೂ ಸಲ್ಲದು.

ಎರಡನೆಯದಾಗಿ, ಹೊರಗಿನಿಂದ ಬರುವ ನೀರು ಶುದ್ಧವೆಂದು ಖಚಿತಪಡಿಸಿಕೊಂಡು, ಕಿಟಕಿಗಳನ್ನು ತೆರೆದಿಟ್ಟು, ಎಲ್ಲ ನಲ್ಲಿಗಳಿಂದಲೂ ತಣ್ಣೀರನ್ನು ಧಾರಾಳವಾಗಿ ಹರಿಯಬಿಡಬೇಕು. ನೀರು ಕಾಯಿಸುವ ತೊಟ್ಟಿಯನ್ನೂ ಬರಿದುಮಾಡಬೇಕು. ಹಳೆಯ ಸೋಸುವ ಸಾಧನದ ತಿರುಳನ್ನು ಎಸೆದುಬಿಡಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಹರಿಯುತ್ತಿರುವ ನೀರನ್ನು ಪರೀಕ್ಷಿಸಿ ತೃಪ್ತಿಪಡಬಾರದು. ಹರಿಯುವ ನೀರಿಗೆ ಗೋಡೆಯಿಂದ ವಿಷವನ್ನು ಸೆಳೆದುಕೊಳ್ಳಲು ವೇಳೆಯೇ ಸಿಕ್ಕಿರುವುದಿಲ್ಲ. ಡಬ್ಬಿಗೆ ಮುಚ್ಚಳ ಹಾಕಿ ನಾಲ್ಕು ದಿನ ಬಿಟ್ಟಂತೆ, ನೀರನ್ನು ಕೊಳವೆಯಲ್ಲಿಯೇ ನಿಲ್ಲಿಸಬೇಕು. ಪ್ಯಾರಡೈಸಿನಲ್ಲಿ ಇದಕ್ಕೆ 72 ಗಂಟೆಗಳ ಅವಧಿಯನ್ನು ಗೊತ್ತುಮಾಡಿದ್ದರು. ಅನಂತರ ನಲ್ಲಿಯಿಂದ ಬರುವ ಮೊಟ್ಟಮೊದಲ ನೀರನ್ನು ಪ್ರಯೋಗಶಾಲೆಗೆ ಕಳುಹಿಸಬೇಕು. ಮೂಗನ್ನು ನಂಬುವಂತಿಲ್ಲ, ವಾಸನೆ ತಿಳಿಯುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೇ ಬೆಂಜೀನ್ ಹಾನಿಕರ. ದೋಷ ಕಂಡರೆ ಮತ್ತೆ ಹರಿಸಬೇಕು, ಮತ್ತೆ ನಿಲ್ಲಿಸಬೇಕು, ಮತ್ತೆ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ಹೀಗೆ ಮಾಡುವುದಕ್ಕಿಂತ ಕೊಳವೆಯನ್ನು ಕಿತ್ತು ಹೊಸದನ್ನು ಹಾಕಿಸುವುದೇ ಕೆಲವು ವೇಳೆ ಮೇಲು. ಆ ಊರುಗಳಲ್ಲಿ ಎಷ್ಟೋ ಕೊಳವೆಗಳಿಗೆ ಕಡೆಗೆ ಇದೇ ಗತಿಯಾಯಿತು.

ಕಾಳ್ಗಿಚ್ಚು ಇಲ್ಲದ ಊರಿನವರಾದ ನಮಗೆ ಇದೇಕೆ ಎಂದು ಗೆಳೆಯರು ಕೇಳಬಹುದು. ಇಂದು ನಮ್ಮ ಮನೆಗಳಿಗೂ ನೀರು ಪ್ಲಾಸ್ಟಿಕ್ ಕೊಳವೆಯಲ್ಲಿಯೇ ಬರುತ್ತಿದೆ. ನೆಲಕ್ಕೆ ಚೆಲ್ಲಿದ ಪೆಟ್ರೋಲು, ಸೀಮೆಎಣ್ಣೆಗಳು ಹೂತಿಟ್ಟ ಪಾಲಿಥೀನ್ ಕೊಳವೆಯ ಗೋಡೆಯನ್ನು ಹೊರಗಿನಿಂದಲೇ ದಾಟಿ ನೀರನ್ನು ಸೇರಬಲ್ಲವು. ಆದುದರಿಂದ ಅವನ್ನು ಕೊಳವೆಯ ಬಳಿ ಸುರಿಯದಿರುವುದೂ, ಗೆದ್ದಲಿನ ಔಷಧಿ ಹೊಡೆಯಿಸುವಾಗ ಕೊಳವೆ ಎಲ್ಲಿದೆಯೆಂದು ಮೊದಲು ನೋಡುವುದೂ ಜಾಣತನ. ಒಳಹೊಕ್ಕ ವಿಷವನ್ನು ಹೊರಡಿಸಲು ವಾರಗಳು ಬೇಕು. ಹೋಗದಂತೆ ತಡೆಯಲು ಒಂದು ಗಳಿಗೆಯ ಎಚ್ಚರ ಸಾಕು.